ಪತ್ತೇದಾರಿ ಸರಣಿ: ಯಾವುದು ಮೊದಲು, ಯಾವುದು ಆಮೇಲೆ?

ಪತ್ತೇದಾರಿ ಕಾದಂಬರಿ ಸರಣಿಗಳ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದವು ಇಲ್ಲಿವೆ. ಯಾವ ಉತ್ತರದಲ್ಲೂ ಕೊಲೆಗಾರ ಯಾರೆಂದು ಹೇಳಿಲ್ಲ. ಒಂದು ಕಡೆ ಮಾತ್ರ ಕಥೆಯ ಸುಳಿವೊಂದನ್ನು ಬಿಡಿಸಿ ನೋಡಬೇಕಾಗಿದೆ. ಅಲ್ಲಿ ಮೊದಲೇ ಎಚ್ಚರಿಸಿದ್ದೇವೆ.

ಪ್ರಶ್ನೆ: ಮಗಳು ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಾಳೆ. ಅಗಾಥಾ ಕ್ರಿಸ್ಟಿಯವರ ಪ್ವಾರೊ ಕಾದಂಬರಿಗಳನ್ನು ಓದಬೇಕಂತೆ. ಒಟ್ಟು 33 ಇವೆ ಎನ್ನುತ್ತಾರೆ. ಮೊದಲನೆಯದರಿಂದ ಸಾಲಾಗಿ ಓದಬೇಕೇ, ಕೈಗೆ ಸಿಕ್ಕಿದ್ದನ್ನು ಓದಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಲಾಗಿ ಓದಬೇಕಾಗಿಲ್ಲ. ಹಾಗೆಂದು ಸಿಕ್ಕಿದ್ದನ್ನು ಸಿಕ್ಕ ಹಾಗೆ ಓದಿದರೆ ಎರಡು ಪುಸ್ತಕಗಳು ಸೇರಿ ಇನ್ನೈದು ಪುಸ್ತಕಗಳ ರುಚಿ ಕೆಡಿಸುತ್ತವೆ.

ಯಾವ ಸರಣಿಯೇ ಆಗಲಿ, ಮೊದಲು ನೋಡಬೇಕಾದದ್ದು ಇದು: ಪುಸ್ತಕದಿಂದ ಪುಸ್ತಕಕ್ಕೆ ಪತ್ತೇದಾರನ ಬದುಕು ಮುಂದೆ ಸಾಗುತ್ತದೆಯೋ, ನಿಂತಲ್ಲೇ ನಿಂತಿರುತ್ತದೆಯೋ? ಸಾಗುವುದಾದರೆ ಕ್ರಮ ಬಿಡಬಾರದು. ನಿಂತಿದ್ದರೆ ಒಳ್ಳೆಯ ಪುಸ್ತಕದಿಂದ ಶುರು ಮಾಡಿ. ಪ್ವಾರೊ ನಿಂತವರ ಸಾಲಿನವನು. 1920ರಲ್ಲಿ ಬಂದ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ನಲ್ಲಿ ಕಾಲಿಡುವಾಗಲೇ ಅವನು ಬೆಲ್ಜಿಯಂ ಪೊಲೀಸ್ ಕೆಲಸದಿಂದ ನಿವೃತ್ತ. ಅಲ್ಲಿಂದ ಅರ್ಧ ಶತಮಾನ ಅದೇ ಮೀಸೆ, ಅದೇ ಬಿಗಿಯಾದ ಪೇಟೆಂಟ್ ಲೆದರ್ ಬೂಟು. ಗೆಳೆಯ ಹೇಸ್ಟಿಂಗ್ಸ್ ಮದುವೆಯಾಗಿ ಅರ್ಜೆಂಟೀನಾಕ್ಕೆ ಹೋಗುತ್ತಾನೆ, ಆಗಾಗ ಬಂದು ಹೋಗುತ್ತಾನೆ. ಬದಲಾವಣೆ ಅಂದರೆ ಬಹುಪಾಲು ಅಷ್ಟೇ.

ತೊಂದರೆ ಕೊಡುವ ಎರಡು ಪುಸ್ತಕಗಳ ಹೆಸರು ಬರೆದಿಟ್ಟುಕೊಳ್ಳಿ. ‘ಡಂಬ್ ವಿಟ್ನೆಸ್’ (1937) ನಡುವೆ ಒಂದು ಕಡೆ ಪ್ವಾರೊ ತನ್ನ ಹಳೆಯ ನಾಲ್ಕು ಪ್ರಕರಣಗಳ ಅಪರಾಧಿಗಳ ಹೆಸರನ್ನು ಸಲೀಸಾಗಿ ಹೇಳಿಬಿಡುತ್ತಾನೆ. ಅವು ‘ಸ್ಟೈಲ್ಸ್’, ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’, ‘ದಿ ಮಿಸ್ಟರಿ ಆಫ್ ದಿ ಬ್ಲೂ ಟ್ರೇನ್’ ಮತ್ತು ‘ಡೆತ್ ಇನ್ ದಿ ಕ್ಲೌಡ್ಸ್’. ‘ಕಾರ್ಡ್ಸ್ ಆನ್ ದಿ ಟೇಬಲ್’ (1936) ಓದುವಾಗ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ನ ಗುಟ್ಟು ರಟ್ಟಾಗುವಂಥ ಮಾತೊಂದು ಬರುತ್ತದೆ. ಈ ಎರಡನ್ನೂ ಆ ಐದು ಪುಸ್ತಕಗಳಾದ ಮೇಲೆ ಕೊಡಿ.

ಶುರುವಿಗೆ ‘ಸ್ಟೈಲ್ಸ್’ ಬೇಡ ಎಂಬುದು ನಮ್ಮ ಅಭಿಪ್ರಾಯ. ಚೊಚ್ಚಲ ಕೃತಿಯಾದ್ದರಿಂದ ಸುಳಿವುಗಳನ್ನು ಅತಿಯಾಗಿ ತುಂಬಿದ್ದಾರೆ: ಚೂರಾದ ಕಾಫಿ ಕಪ್ಪು, ಮೇಣದ ಕಲೆ, ಸುಟ್ಟ ಕಾಗದದ ತುಣುಕು, ಬೀಗದಲ್ಲಿ ಸಿಕ್ಕಿದ ದಾರದ ಎಳೆ. ಹೊಸ ಓದುಗರು ಅರ್ಧ ದಾರಿಯಲ್ಲೇ ಸುಸ್ತಾಗುತ್ತಾರೆ. ನಾವು ಹೇಳುವ ಸಾಲು ಹೀಗೆ. ಮೊದಲು ‘ಪೆರಿಲ್ ಅಟ್ ಎಂಡ್ ಹೌಸ್’ (1932), ಆಮೇಲೆ ‘ದಿ ಎ.ಬಿ.ಸಿ. ಮರ್ಡರ್ಸ್’ (1936). ಎರಡೂ ಓಡುವ ಪುಸ್ತಕಗಳು, ಕ್ರಿಸ್ಟಿ ಆಟ ಆಡುವ ರೀತಿ ಮೈಗೂಡುತ್ತದೆ. ಮೂರನೆಯದಾಗಿ ‘ರೋಜರ್ ಆಕ್ರಾಯ್ಡ್’ (1926). ಅದಕ್ಕೂ ಮೊದಲೇ ಓದಿದರೆ ಅದರ ಪೂರ್ತಿ ಬೆಲೆ ತಿಳಿಯುವುದಿಲ್ಲ, ತಡವಾದರೆ ಯಾರಾದರೂ ಬಾಯಿ ತಪ್ಪಿ ಹೇಳಿಬಿಡುವ ಅಪಾಯ. ನಂತರ ‘ಓರಿಯಂಟ್ ಎಕ್ಸ್‌ಪ್ರೆಸ್’ (1934), ‘ಡೆತ್ ಆನ್ ದಿ ನೈಲ್’ (1937). ಇಷ್ಟಾದ ಮೇಲೆ ‘ಫೈವ್ ಲಿಟ್ಲ್ ಪಿಗ್ಸ್’. 16 ವರ್ಷ ಹಳೆಯ ಕೊಲೆಯನ್ನು ಐದು ಜನರ ನೆನಪುಗಳನ್ನಷ್ಟೇ ಹಿಡಿದು ಬಿಡಿಸುವ ಆ ಕಾದಂಬರಿ ನಮ್ಮ ಲೆಕ್ಕದಲ್ಲಿ ಇಡೀ ಸರಣಿಯ ಶಿಖರ.

‘ಕರ್ಟನ್’ ಮಾತ್ರ ಕಟ್ಟಕಡೆಗೆ. ಎರಡನೇ ಮಹಾಯುದ್ಧದ ಕಾಲದಲ್ಲೇ ಬರೆದು ಭದ್ರವಾಗಿ ಎತ್ತಿಟ್ಟಿದ್ದ ಆ ಹಸ್ತಪ್ರತಿಯನ್ನು ಕ್ರಿಸ್ಟಿ 1975ರಲ್ಲಿ ಹೊರತರಲು ಒಪ್ಪಿದರು. ಅದು ನಡೆಯುವುದು ಮೊದಲ ಕಾದಂಬರಿಯ ಸ್ಟೈಲ್ಸ್ ಮನೆಯಲ್ಲೇ. ಹಾಗಾಗಿ ‘ಸ್ಟೈಲ್ಸ್’ ಓದದೆ ‘ಕರ್ಟನ್’ ಮುಟ್ಟುವುದು ಬೇಡ.

ಪ್ರಶ್ನೆ: ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ಕ್ರಿಸ್ಟಿಯ ಎರಡು ಪುಸ್ತಕಗಳು ಬೇರೆ ಬೇರೆ ಹೆಸರಿನವು. ಮನೆಗೆ ತಂದು ನೋಡಿದರೆ ಒಳಗಿರುವುದು ಒಂದೇ ಕಥೆ! ಇದು ನಕಲಿ ಮುದ್ರಣವೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಕಲಿಯೇ ಆಗಬೇಕೆಂದಿಲ್ಲ. ಒಂದೇ ಕಾದಂಬರಿ ಇಂಗ್ಲೆಂಡಿನಲ್ಲಿ ಒಂದು ಹೆಸರಿನಿಂದ, ಅಮೆರಿಕದಲ್ಲಿ ಇನ್ನೊಂದು ಹೆಸರಿನಿಂದ ಬರುತ್ತಿದ್ದ ಕಾಲ ಅದು. ‘ಓರಿಯಂಟ್ ಎಕ್ಸ್‌ಪ್ರೆಸ್’ ಅಲ್ಲಿ ‘ಮರ್ಡರ್ ಇನ್ ದಿ ಕ್ಯಾಲೆ ಕೋಚ್’ ಆಯಿತು, ಏಕೆಂದರೆ ಗ್ರಹಾಂ ಗ್ರೀನ್ ಅವರ ಬೇರೊಂದು ಕಾದಂಬರಿ ‘ಓರಿಯಂಟ್ ಎಕ್ಸ್‌ಪ್ರೆಸ್’ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಆಗಲೇ ಬಂದಿತ್ತು. ‘ಡೆತ್ ಇನ್ ದಿ ಕ್ಲೌಡ್ಸ್’ ಅಲ್ಲಿ ‘ಡೆತ್ ಇನ್ ದಿ ಏರ್’. ‘ಡಂಬ್ ವಿಟ್ನೆಸ್’ ಆದದ್ದು ‘ಪ್ವಾರೊ ಲೂಸಸ್ ಎ ಕ್ಲೈಂಟ್’. ‘ಫೈವ್ ಲಿಟ್ಲ್ ಪಿಗ್ಸ್’ ಆದದ್ದು ‘ಮರ್ಡರ್ ಇನ್ ರೆಟ್ರೋಸ್ಪೆಕ್ಟ್’. ‘ಲಾರ್ಡ್ ಎಜ್‌ವೇರ್ ಡೈಸ್’ ಮತ್ತು ‘ಥರ್ಟೀನ್ ಅಟ್ ಡಿನ್ನರ್’ ಕೂಡ ಒಂದೇ. ಮಿಸ್ ಮಾರ್ಪಲ್ ಸರಣಿಯ ‘4.50 ಫ್ರಂ ಪ್ಯಾಡಿಂಗ್ಟನ್’ ಕೊಂಡವರು ‘ವಾಟ್ ಮಿಸೆಸ್ ಮೆಗಿಲಿಕಡ್ಡಿ ಸಾ’ ಕೊಳ್ಳಬೇಕಾಗಿಲ್ಲ.

ಅವೆನ್ಯೂ ರಸ್ತೆಯಲ್ಲಾಗಲಿ ಇನ್ನೆಲ್ಲೇ ಆಗಲಿ ಹಳೆಯ ಪ್ರತಿ ಕೊಳ್ಳುವಾಗ ಮುಖಪುಟ ನಂಬಬೇಡಿ. ಶೀರ್ಷಿಕೆ ಪುಟದ ಹಿಂಬದಿ ತಿರುವಿ. ಹಕ್ಕುಸ್ವಾಮ್ಯದ ಸಾಲುಗಳ ನಡುವೆ ಮೂಲ ಹೆಸರನ್ನು ಹೆಚ್ಚಿನ ಪ್ರಕಾಶಕರು ಕೊಟ್ಟಿರುತ್ತಾರೆ. ಹಾಗೆಯೇ ಕೊನೆಯ ಹತ್ತು ಪುಟಗಳು ಇವೆಯೇ ಎಂದು ಎಣಿಸಿ. ಎಣಿಸುವಾಗ ಪುಟಸಂಖ್ಯೆಯ ಮೇಲಷ್ಟೇ ಕಣ್ಣಿರಲಿ.

ಪ್ರಶ್ನೆ: ಷರ್ಲಾಕ್ ಹೋಮ್ಸ್‌ನನ್ನು ಎಲ್ಲರೂ ಹೊಗಳುತ್ತಾರೆ. ನನಗನಿಸುವುದು, ಅದು ಓದುಗನಿಗೆ ಮಾಡುವ ಮೋಸ. ಅವನು ಭೂತಗನ್ನಡಿ ಹಿಡಿದು ಏನನ್ನೋ ನೋಡುತ್ತಾನೆ, ಏನು ನೋಡಿದ ಎಂದು ನಮಗೆ ಹೇಳುವುದಿಲ್ಲ, ಕೊನೆಗೆ ಎಲ್ಲ ತಾನೇ ಬಿಡಿಸುತ್ತಾನೆ. ನಮ್ಮ ಬುದ್ಧಿಗೆ ಕೆಲಸವೆಲ್ಲಿ?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ದೂರು ಬಹಳಷ್ಟು ಕಥೆಗಳ ಮಟ್ಟಿಗೆ ನಿಜ. ಹೋಮ್ಸ್‌ನ ನಾಲ್ಕು ಕಾದಂಬರಿ, 56 ಸಣ್ಣ ಕಥೆಗಳು 1887ರಿಂದ 1927ರ ನಡುವೆ ಬಂದವು. ಓದುಗನಿಗೂ ಪತ್ತೇದಾರನಿಗೂ ಸುಳಿವುಗಳು ಸಮನಾಗಿ ಸಿಗಬೇಕೆಂಬ ಕಟ್ಟುಪಾಡು ಗಟ್ಟಿಯಾದದ್ದು ಆ ಅವಧಿಯ ಕೊನೆಗೆ. ಅಮೆರಿಕದಲ್ಲಿ ಎಸ್.ಎಸ್. ವಾನ್ ಡೈನ್ 1928ರಲ್ಲಿ 20 ನಿಯಮ ಬರೆದರು. ಇಂಗ್ಲೆಂಡಿನಲ್ಲಿ ಪಾದ್ರಿ ರೊನಾಲ್ಡ್ ನಾಕ್ಸ್ 1929ರಲ್ಲಿ 10 ನಿಯಮ ಕೊಟ್ಟರು: ಅಪರಾಧಿಯ ಪ್ರಸ್ತಾಪ ಕಥೆಯ ಆರಂಭದಲ್ಲೇ ಬರಬೇಕು, ದೆವ್ವ–ಮಾಟ ಕೂಡದು, ಲೋಕಕ್ಕೆ ಗೊತ್ತಿಲ್ಲದ ವಿಷ ಕೂಡದು, ಪತ್ತೇದಾರ ಕಂಡ ಸುಳಿವನ್ನು ಆಗಲೇ ಓದುಗನಿಗೂ ತೋರಿಸಬೇಕು. ಎಲರಿ ಕ್ವೀನ್ ಎಂಬ ಒಂದೇ ಹೆಸರಿನಲ್ಲಿ ಬರೆಯುತ್ತಿದ್ದ ಇಬ್ಬರು ಸೋದರಬಂಧುಗಳು ಇನ್ನೂ ಮುಂದೆ ಹೋದರು. 1929ರಿಂದ ಶುರುವಾದ ಅವರ ಸರಣಿಯ ಮೊದಮೊದಲ ಕಾದಂಬರಿಗಳಲ್ಲಿ, ಕೊನೆಗೆ ಮುಂಚೆ ಕಥೆ ನಿಲ್ಲಿಸಿ, ‘ಬೇಕಾದ ಸುಳಿವೆಲ್ಲ ನಿಮ್ಮ ಕೈಲಿದೆ, ಈಗ ಹೇಳಿ’ ಎಂದು ಓದುಗನಿಗೆ ಸವಾಲು ಹಾಕುವ ಪುಟವೇ ಇರುತ್ತದೆ. ಬುದ್ಧಿಗೆ ಕೆಲಸ ಬೇಕೆಂದರೆ ನಿಮಗೆ ತಕ್ಕದ್ದು ಆ ಸರಣಿ.

ಆದರೂ ಹೋಮ್ಸ್‌ನನ್ನು ಪೂರ್ತಿ ತಳ್ಳಿಹಾಕುವ ಮುಂಚೆ 1892ರ ‘ಸಿಲ್ವರ್ ಬ್ಲೇಜ್’ ಓದಿ. (ಇಲ್ಲಿಂದ ಮುಂದಿನ ಪ್ಯಾರಾದಲ್ಲಿ ಅದರ ಒಂದು ಸುಳಿವು ಬರುತ್ತದೆ, ಬೇಡದವರು ದಾಟಿಕೊಳ್ಳಿ.)

ರೇಸ್ ಕುದುರೆಯೊಂದು ರಾತ್ರಿ ಲಾಯದಿಂದ ಮಾಯವಾಗುತ್ತದೆ. ಕಾವಲಿದ್ದ ಹುಡುಗನ ಊಟಕ್ಕೆ ಅಫೀಮಿನ ಪುಡಿ ಬೆರೆಸಿ ಮಲಗಿಸಿದ್ದಾರೆ. ಆ ರಾತ್ರಿ ಅವನಿಗೆ ಕಳಿಸಿದ್ದು ಮಸಾಲೆ ಹಾಕಿದ ಕುರಿಮಾಂಸದ ಕರಿ. ಈ ವಿವರ ಮೊದಲ ಭಾಗದಲ್ಲೇ ಯಾರ ಕಣ್ಣಿಗೂ ಬೀಳದ ಹಾಗೆ ಬಂದುಹೋಗುತ್ತದೆ. ಈಗ ಯೋಚಿಸಿ. ಅಫೀಮಿಗೆ ನಾಲಿಗೆಗೆ ತಿಳಿಯುವಂಥ ಒಗರು–ಕಹಿ ಇದೆ. ಸಪ್ಪೆ ಅಡುಗೆಗೆ ಬೆರೆಸಿದರೆ ಹುಡುಗ ಮೊದಲ ತುತ್ತಿಗೇ ತಟ್ಟೆ ಸರಿಸುತ್ತಾನೆ. ಕರಿಯ ಘಾಟು ಅದನ್ನು ಮುಚ್ಚುತ್ತದೆ. ಹೊರಗಿನಿಂದ ಬಂದ ಅಪರಿಚಿತ ಪುಡಿ ತಂದಿರಬಹುದು, ಆದರೆ ಅವನು ಬರುವ ರಾತ್ರಿಯೇ ಆ ಮನೆಯಲ್ಲಿ ಕರಿ ಬೇಯುವಂತೆ ಮಾಡುವುದು ಅವನ ಕೈಲಿದೆಯೇ? ಇಲ್ಲ. ಹಾಗಾದರೆ ಇವತ್ತು ಏನು ಅಡುಗೆ ಎಂದು ಹೇಳಬಲ್ಲವರು ಯಾರು? ಒಂದೇ ಒಂದು ಬಟ್ಟಲು ಕರಿ, ಅನುಮಾನದ ಪಟ್ಟಿಯನ್ನೇ ಕತ್ತರಿಸಿ ಕೈಗಿಡುತ್ತದೆ. ಮಸಾಲೆಯ ಮನೆಗಳಲ್ಲಿ ಬೆಳೆದ ನಮಗೆ ಇದು ಬೇಗ ಹೊಳೆಯಬೇಕಿತ್ತು. ಹೊಳೆಯುವುದಿಲ್ಲ, ಏಕೆಂದರೆ ಊಟದ ವಿವರವನ್ನು ನಾವು ಬರೀ ವರ್ಣನೆ ಎಂದು ಓದುತ್ತೇವೆ.

ಪ್ರಶ್ನೆ: ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಕೊಲೆ. ಇಂಥ ಕಥೆಗಳನ್ನು ನಾವೇ ಬಿಡಿಸುವ ದಾರಿ ಇದೆಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ಈ ಬಗೆಗೆ ನಾಂದಿ ಹಾಡಿದ್ದು 1841ರ ಎಡ್ಗರ್ ಅಲನ್ ಪೋ ಕಥೆ. ಪರಾಕಾಷ್ಠೆ ಜಾನ್ ಡಿಕ್ಸನ್ ಕಾರ್ ಅವರ ಡಾ. ಫೆಲ್ ಸರಣಿಯಲ್ಲಿ, ಅದರಲ್ಲೂ 1935ರ ‘ದಿ ಹಾಲೊ ಮ್ಯಾನ್’ನಲ್ಲಿ. ಅದರ 17ನೇ ಅಧ್ಯಾಯದಲ್ಲಿ ಡಾ. ಫೆಲ್ ಕಥೆ ಬದಿಗಿಟ್ಟು, ಮುಚ್ಚಿದ ಕೋಣೆಯ ಕೊಲೆಗಳು ಎಷ್ಟು ಬಗೆ ಎಂದು ಪಾಠವನ್ನೇ ಮಾಡುತ್ತಾನೆ. ಬಾಗಿಲಿನ ಕೈಚಳಕಗಳಿಗೇ ಬೇರೆ ಪಟ್ಟಿ ಕೊಡುತ್ತಾನೆ.

ಓದುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಬಾಗಿಲು ಮುಚ್ಚಿತ್ತೆಂದು ಹೇಳಿದವರು ಯಾರು, ತಳ್ಳಿ ನೋಡಿದವರು ಒಬ್ಬರೋ ಇಬ್ಬರೋ? ಬಾಗಿಲು ಒಡೆದಾಗ ಮೊದಲು ಒಳಗೆ ಹೋದವರು ಯಾರು, ಉಳಿದವರು ಹೊಸ್ತಿಲು ದಾಟುವ ಮುನ್ನ ಅವರಿಗೆ ಎಷ್ಟು ಹೊತ್ತು ಸಿಕ್ಕಿತು? ಸತ್ತ ಸಮಯ ಎಂದು ಎಲ್ಲರೂ ನಂಬಿರುವುದು ಯಾವುದರಿಂದ, ಕಣ್ಣಾರೆ ಕಂಡದ್ದೋ ಕೇಳಿದ ಶಬ್ದವೋ? ಹತ್ತರಲ್ಲಿ ಏಳೆಂಟು ಕಥೆಗಳ ಗಂಟು ಈ ಮೂರರಲ್ಲಿ ಒಂದನ್ನು ಹಿಡಿದರೆ ಸಡಿಲವಾಗುತ್ತದೆ, ಏಕೆಂದರೆ ಜಾಣ ಲೇಖಕರು ಬೀಗಕ್ಕಿಂತ ಹೆಚ್ಚಾಗಿ ಆಟವಾಡುವುದು ಸಮಯದ ಜೊತೆ.

ಕನ್ನಡದಲ್ಲಿ ಇಂಥದ್ದನ್ನು ಬರೆಯುವವರಿಗೂ ಒಂದು ಮಾತು. ಬೀಗದ ಕಿಂಡಿಯಲ್ಲಿ ಚಿಕ್ಕ ಇಕ್ಕಳ ತೂರಿಸಿ ಹೊರಗಿನಿಂದಲೇ ಕೀಲಿ ತಿರುಗಿಸುವ ಇಂಗ್ಲಿಷ್ ಉಪಾಯ, ಒಳಗಡೆ ಕೀಲಿ ಸಿಕ್ಕಿಸಿಡುವ ಬಾಗಿಲಿಗೆ ಮಾತ್ರ ನಡೆಯುತ್ತದೆ. ತೊಟ್ಟಿಮನೆಯ ದಪ್ಪ ಬಾಗಿಲಿಗೆ ಅಡ್ಡ ಬೀಳುವ ಮರದ ಅಗುಳಿಗೆ ಕಿಂಡಿಯೂ ಇಲ್ಲ, ಕೀಲಿಯೂ ಇಲ್ಲ. ಅಲ್ಲಿ ದಾರಿ ಹುಡುಕಬೇಕಾದದ್ದು ಹೆಂಚು, ಬೆಳಕಿಂಡಿ, ಇಲ್ಲವೇ ಅಟ್ಟದ ಕಡೆ.

ಪ್ರಶ್ನೆ: ಕಲಬುರಗಿ ಭಾಗದ ಹಿನ್ನೆಲೆಯಲ್ಲಿ ಪತ್ತೇದಾರಿ ಸರಣಿ ಬರೆಯುತ್ತಿದ್ದೇನೆ. ಪೊಲೀಸ್ ಮತ್ತು ವೈದ್ಯಕೀಯ ವಿವರಗಳಲ್ಲಿ ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?
— ಓದುಗರೊಬ್ಬರು, ಸೇಡಂ

ಉತ್ತರ: ಮೊದಲ ಎಡವಟ್ಟು ಸತ್ತ ಸಮಯದ್ದು. ಇಂಗ್ಲಿಷ್ ಕಾದಂಬರಿಯ ವೈದ್ಯರು ಹೆಣ ಮುಟ್ಟಿ ನೋಡಿ ಗಂಟೆ ಹೇಳುತ್ತಾರೆ. ತಂಪು ದೇಶದಲ್ಲಿ ಶವದ ಉಷ್ಣತೆ ಗಂಟೆಗೆ ಸುಮಾರು ಮುಕ್ಕಾಲರಿಂದ ಒಂದು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂಬ ಸ್ಥೂಲ ಲೆಕ್ಕ ಅವರದು. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ 37 ಡಿಗ್ರಿಯ ದೇಹ ತಣ್ಣಗಾಗುವುದಾದರೂ ಹೇಗೆ? ಮಧ್ಯಾಹ್ನ ಬಯಲಲ್ಲಿ ಬಿದ್ದ ಶವ ಬಿಸಿಯಾಗಿಯೇ ಇರುತ್ತದೆ. ‘ಮೈ ಇನ್ನೂ ಬೆಚ್ಚಗಿದೆ, ಈಗಷ್ಟೇ ಸತ್ತಿದ್ದಾನೆ’ ಎಂದು ನಿಮ್ಮ ಇನ್‌ಸ್ಪೆಕ್ಟರ್ ಹೇಳಿದರೆ ತಪ್ಪು. ಆ ತಪ್ಪನ್ನೇ ಕೊಲೆಗಾರ ಬಳಸಿಕೊಂಡನೆಂದರೆ ಒಳ್ಳೆಯ ಕಥೆ.

ಮೈ ಸೆಟೆದುಕೊಳ್ಳುವುದೂ ಹಾಗೆಯೇ. ನಮ್ಮ ಹವೆಯಲ್ಲಿ ಸತ್ತ ಒಂದೆರಡು ಗಂಟೆಗೆ ಕಣ್ಣೆವೆ, ದವಡೆಯಿಂದ ಶುರುವಾಗಿ ಕತ್ತು, ತೋಳು, ಕಾಲಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಸಾಮಾನ್ಯವಾಗಿ 18ರಿಂದ 36 ಗಂಟೆ, ಚಳಿಗಾಲದಲ್ಲಿ 24ರಿಂದ 48 ಗಂಟೆ ಉಳಿದು ಬಿಡುತ್ತದೆ. ಇನ್ನೊಂದು ಗುರುತನ್ನು ಕನ್ನಡದ ಲೇಖಕರು ಅಷ್ಟಾಗಿ ಬಳಸಿಲ್ಲ. ಸತ್ತ ಮೇಲೆ ರಕ್ತ ಕೆಳಮುಖವಾಗಿ ಇಳಿದು ಚರ್ಮದ ಮೇಲೆ ನೇರಳೆ ಬಣ್ಣದ ಕಲೆ ಮೂಡುತ್ತದೆ. ಆರೆಂಟು ಗಂಟೆ ಕಳೆದರೆ ಆ ಕಲೆ ಗಟ್ಟಿಯಾಗಿ ಕೂರುತ್ತದೆ. ಬೋರಲಾಗಿ ಸಿಕ್ಕ ಶವದ ಬೆನ್ನ ಮೇಲೆ ಕಲೆ ಇದ್ದರೆ, ಅದನ್ನು ಯಾರೋ ತಡವಾಗಿ ಅಲ್ಲಿಗೆ ತಂದು ಹಾಕಿದ್ದಾರೆ.

ಎರಡನೆಯದು ವಿಷ. ಬೆಳಿಗ್ಗೆ ಸಾವು, ಸಂಜೆ ‘ಆರ್ಸೆನಿಕ್’ ಎಂಬ ವರದಿ! ಹಾಗಾಗುವುದಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಜಠರವನ್ನು ಅದರೊಳಗಿನದರ ಸಮೇತ, ಸಣ್ಣ ಕರುಳಿನ ಭಾಗ, ಸುಮಾರು 500 ಗ್ರಾಂ ಯಕೃತ್ತು, ಎರಡೂ ಮೂತ್ರಪಿಂಡಗಳ ಅರ್ಧರ್ಧ ತೆಗೆದು, ಇನ್ನು ಕರಗದಷ್ಟು ಉಪ್ಪು ಬೆರೆಸಿದ ನೀರಿನ ಜಾಡಿಗೆ ಹಾಕಿ, ಅರಗಿನ ಮೊಹರು ಒತ್ತಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಉತ್ತರ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ನಿಮ್ಮ ಪತ್ತೇದಾರ ಅಲ್ಲಿಯವರೆಗೆ ಲಕ್ಷಣಗಳ ಮೇಲೆ ಊಹಿಸಬೇಕು. ಆ ಕಾಯುವಿಕೆಯೇ ಕಥೆಯ ಬಿಗಿಗೆ ಒದಗುತ್ತದೆ. ರಕ್ತ ಅಂಟಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿಸಬೇಡಿ. ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕುವುದು ಪದ್ಧತಿ. ಹಸಿಯಾಗಿ ಪ್ಲಾಸ್ಟಿಕ್ಕಿಗೆ ಹೋದರೆ ಬೂಷ್ಟು ಹಿಡಿದು ಸಾಕ್ಷ್ಯ ಹಾಳಾಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಕೊನೆಯ ಅಧ್ಯಾಯದ ತಪ್ಪೊಪ್ಪಿಗೆ. ಎಲ್ಲರನ್ನೂ ಹಜಾರದಲ್ಲಿ ಕೂರಿಸಿ, ಇನ್‌ಸ್ಪೆಕ್ಟರ್ ಎದುರಿಗೆ ಅಪರಾಧಿ ‘ಹೌದು, ನಾನೇ ಕೊಂದೆ’ ಎಂದು ಕುಸಿಯುತ್ತಾನೆ. ಕಥೆ ಮುಗಿಯಿತು, ಆದರೆ ಕೋರ್ಟಿನಲ್ಲಿ ಆ ಮಾತಿಗೆ ಬೆಲೆ ಇಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಹಾಜರುಪಡಿಸುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಹೇಳುತ್ತಿದ್ದದ್ದೂ ಅದೇ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಹೇಳುವುದೂ ಅದೇ. ಒಂದು ಕಿಂಡಿ ಇದೆ: ಬಂಧನದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಕತ್ತಿಯೋ ಒಡವೆಯೋ ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಿಸಿದ ಮಾತಿನ ಭಾಗ ಮಾತ್ರ ನಿಲ್ಲುತ್ತದೆ. ಆದ್ದರಿಂದ ಕ್ಲೈಮ್ಯಾಕ್ಸನ್ನು ಹಜಾರದಿಂದ ಎತ್ತಿ ಬಾವಿಕಟ್ಟೆಗೆ ಒಯ್ಯಿರಿ. ಪಂಚರ ಎದುರು ಬಾವಿಯಿಂದ ಕತ್ತಿ ಮೇಲೆ ಬರಲಿ, ಮಹಜರು ಬರೆಯಲಿ, ಪಂಚರು ಸಹಿ ಹಾಕಲಿ. ಮುಂದಿನ ಪುಸ್ತಕದಲ್ಲಿ ಅದೇ ಪಂಚರು ಕಟಕಟೆಯಲ್ಲಿ ತಿರುಗಿಬಿದ್ದರೆ ಸರಣಿಗೆ ಎರಡನೇ ಕಥೆಯೂ ಸಿಕ್ಕಿತು.

ಕಲಮುಗಳ ಸಂಖ್ಯೆಗೆ ಕಾಲ ನೋಡಿ. ಕೊಲೆ ನಡೆದದ್ದು 2024ರ ಜುಲೈ 1ಕ್ಕೆ ಮುಂಚೆ ಎಂದಾದರೆ ಐಪಿಸಿ 302, ಆ ದಿನದಿಂದೀಚೆಗಾದರೆ ಭಾರತೀಯ ನ್ಯಾಯ ಸಂಹಿತೆಯ 103. ಅಸಹಜ ಸಾವಿನ ಶವ ಪಂಚನಾಮೆಗೆ ಮೊದಲು ಸಿಆರ್‌ಪಿಸಿ 174, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ನಿಮ್ಮ ನಾಯಕ ಖಾಸಗಿ ಪತ್ತೇದಾರನಾದರೆ ಪೊಲೀಸರ ಹಾಗೆ ಮನೆ ಶೋಧಿಸುವ, ಠಾಣೆಗೆ ಕರೆಸುವ ಅಧಿಕಾರ ಅವನಿಗಿಲ್ಲ. ಠಾಣೆಯಲ್ಲಿ ಅವನ ಮಾತು ಕೇಳುವ ಒಬ್ಬ ದಫೇದಾರನನ್ನು ಮೊದಲ ಪುಸ್ತಕದಲ್ಲೇ ಸೃಷ್ಟಿಸಿಕೊಳ್ಳಿ.

ಪ್ರಶ್ನೆ: ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಯನ್ನು ಸಾಹಿತ್ಯವೆಂದೇ ಎಣಿಸಲಿಲ್ಲ. ಇದು ಅನ್ಯಾಯ ಎಂದು ನನ್ನ ಅಭಿಪ್ರಾಯ. ನೀವೇನೆನ್ನುತ್ತೀರಿ?
— ಓದುಗರೊಬ್ಬರು, ತುಮಕೂರು

ಉತ್ತರ: ಅನ್ಯಾಯವೇ. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ತರಗತಿ, ಬರೆದದ್ದು ನೂರಾರು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನ ಪುಸ್ತಕಗಳಿಗಾಗಿ ಬಾಡಿಗೆ ಲೈಬ್ರರಿಗಳಲ್ಲಿ ಜನ ಕಾಯುತ್ತಿದ್ದರು. ಕನ್ನಡ ಓದುವ ಚಟ ಹಿಡಿದದ್ದೇ ಆ ಪುಸ್ತಕಗಳಿಂದ ಎನ್ನುವ ಒಂದು ತಲೆಮಾರೇ ಇದೆ. ‘ಬಂಗಾರದ ಮನುಷ್ಯ’ ಬರೆದ ಟಿ.ಕೆ. ರಾಮರಾವ್ ಪತ್ತೇದಾರಿಯಲ್ಲೂ ಅಷ್ಟೇ ಹೆಸರು ಮಾಡಿದವರು.

ಹಾಗೆಂದು ಈ ಕಾದಂಬರಿಗಳ ದೌರ್ಬಲ್ಯವನ್ನೂ ಹೇಳಬೇಕು. ವೇಗ, ಬೆನ್ನಟ್ಟುವಿಕೆ, ವೇಷಾಂತರ ಧಾರಾಳವಾಗಿರುತ್ತಿತ್ತು, ಓದುಗ ತಾನೇ ಬಿಡಿಸಬಹುದಾದ ಸುಳಿವು ಕಡಿಮೆ. ಕೊನೆಗೆ ಎಲ್ಲೂ ಕಾಣದಿದ್ದ ಒಬ್ಬ ಖಳ ಹೊರಬೀಳುತ್ತಿದ್ದ. ವಿಮರ್ಶಕರು ಇದನ್ನು ಹಿಡಿದು ತೋರಿಸಿದ್ದರೆ ಬರವಣಿಗೆ ಬೆಳೆಯುತ್ತಿತ್ತು. ಅವರು ಓದಲೇ ಇಲ್ಲ, ನಷ್ಟ ಆದದ್ದು ಅಲ್ಲಿ. ಪತ್ತೇದಾರಿಯ ಚೌಕಟ್ಟಿನಲ್ಲಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ನೋಡಿ. ಏಲಕ್ಕಿ ಬೆಳೆಯ ಕುಸಿತ, ವಿಜ್ಞಾನಿಯೊಬ್ಬರ ಅನುಮಾನಾಸ್ಪದ ಸಾವು, ಅದರ ತನಿಖೆಗೆ ಮಲೆನಾಡಿನ ಊರಿಗೆ ಬರುವ ಅಧಿಕಾರಿ. ಅಸ್ಥಿಪಂಜರ ಪೂರ್ತಿ ಪತ್ತೇದಾರಿಯದೇ. ಆ ಕಾದಂಬರಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹಳೆಯ ಪ್ರತಿಗಳು ನಿಮ್ಮಲ್ಲಿದ್ದರೆ ಜೋಪಾನ. ಆ ಅಗ್ಗದ ಕಾಗದ ಹಳದಿಗಟ್ಟಿ ಮಡಿಚಿದಲ್ಲೇ ಮುರಿಯುತ್ತದೆ. ಸೆಲ್ಲೋಟೇಪ್ ಹಚ್ಚಲೇಬೇಡಿ, ಅದರ ಅಂಟು ಕಾಗದಕ್ಕಿಳಿದು ಅಕ್ಷರವನ್ನೇ ಕಂದಿಸುತ್ತದೆ.

ಪ್ರಶ್ನೆ: 12 ವರ್ಷದ ಮಗನಿಗೆ ಬ್ಯೋಮಕೇಶ ಬಕ್ಷಿ ಕೊಡಲೋ, ಫೆಲೂದಾ ಕೊಡಲೋ?
— ಓದುಗರೊಬ್ಬರು, ಪುಣೆ

ಉತ್ತರ: ಫೆಲೂದಾ. ಸತ್ಯಜಿತ್ ರಾಯ್ ಅದನ್ನು 1965ರಿಂದ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಗೆಂದು ಬರೆಯತೊಡಗಿದರು. ಕಥೆ ಹೇಳುವ ತೋಪ್ಸೆಯೂ ಹುಡುಗನೇ. ‘ಸೋನಾರ್ ಕೆಲ್ಲಾ’ದಿಂದ ಶುರು ಮಾಡಿಸಿ, ಜಟಾಯು ಎಂಬ ಹೆಸರಲ್ಲಿ ಸಾಹಸಕಥೆ ಬರೆಯುವ ಲಾಲ್‌ಮೋಹನ್ ಗಂಗೂಲಿ ಕಾಲಿಡುವುದು ಅದರಲ್ಲಿ. ಅವನು ಬಂದ ಮೇಲೆ ಸರಣಿಯ ಲವಲವಿಕೆಯೇ ಬೇರೆ.

ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ ದೊಡ್ಡವರಿಗೆ. ಅಕ್ರಮ ಸಂಬಂಧ, ಆಸ್ತಿಯ ಹಗೆ, ಮಾದಕವಸ್ತು ಎಲ್ಲ ಬರುತ್ತದೆ. ನೀವು ಓದುವುದಾದರೆ, ಮೊದಲು ಬರೆದದ್ದು ‘ಪಥೇರ್ ಕಾಂಟಾ’ ಆದರೂ ‘ಸತ್ಯಾನ್ವೇಷಿ’ಯಿಂದ ಆರಂಭಿಸಿ. ಅಜಿತನಿಗೂ ಬ್ಯೋಮಕೇಶನಿಗೂ ಪರಿಚಯವಾಗುವುದು ಅಲ್ಲಿ. ಇಲ್ಲಿ ಬದುಕು ಮುಂದೆ ಸಾಗುತ್ತದೆ: ‘ಅರ್ಥಮನರ್ಥಂ’ನಲ್ಲಿ ಕಾಣುವ ಸತ್ಯವತಿ ಮುಂದೆ ಅವನ ಹೆಂಡತಿಯಾಗುತ್ತಾಳೆ. ಹಾಗಾಗಿ ಕ್ರಮ ತಪ್ಪಿಸಬೇಡಿ. ಕೊನೆಯ ಕಥೆ ‘ಬಿಶುಪಾಲ್ ಬಧ್’ ಲೇಖಕರು 1970ರಲ್ಲಿ ತೀರಿಕೊಂಡಾಗ ಅರ್ಧಕ್ಕೇ ನಿಂತದ್ದು. ತಿಳಿದೇ ಕೈಗೆತ್ತಿಕೊಳ್ಳಿ.

ಪ್ರಶ್ನೆ: ವಿದೇಶದಲ್ಲಿದ್ದೇವೆ. ಬೆಂಗಳೂರಿನಲ್ಲೇ ನಡೆಯುವ ಪತ್ತೇದಾರಿ ಸರಣಿ ಇಂಗ್ಲಿಷಿನಲ್ಲಿ ಇದೆಯೇ? ಮಕ್ಕಳು ಕನ್ನಡ ಓದಲಾರರು.
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಎರಡಿವೆ, ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ (2022) ಸರಣಿ 1921ರ ಬೆಂಗಳೂರಿನದು. ಹೊಸದಾಗಿ ಮದುವೆಯಾಗಿ ಬಂದ, ಗಣಿತದ ಹುಚ್ಚಿನ ಕಾವೇರಿ, ಬೌರಿಂಗ್ ಆಸ್ಪತ್ರೆಯ ವೈದ್ಯ ರಾಮು. ಹಿಂಸೆ ಮಿತವಾಗಿದೆ, ಹದಿಹರೆಯದವರಿಗೆ ಕೊಡಬಹುದು. ಎರಡನೆಯದು ‘ಮರ್ಡರ್ ಅಂಡರ್ ಎ ರೆಡ್ ಮೂನ್’, ಮೂರನೆಯದು ‘ಎ ನೆಸ್ಟ್ ಆಫ್ ವೈಪರ್ಸ್’.

ಅನಿತಾ ನಾಯರ್ ಅವರ ಇನ್‌ಸ್ಪೆಕ್ಟರ್ ಬೋರೇಗೌಡ ಇವತ್ತಿನ ಬೆಂಗಳೂರಿನವನು. ‘ಕಟ್ ಲೈಕ್ ವೂಂಡ್’ (2012), ‘ಚೈನ್ ಆಫ್ ಕಸ್ಟಡಿ’, ‘ಹಾಟ್ ಸ್ಟೇಜ್’ ಇದೇ ಸಾಲಿನಲ್ಲಿ ಓದಬೇಕು, ಗೌಡನ ಮನೆತನದ ಎಳೆ ಒಂದರಿಂದ ಒಂದಕ್ಕೆ ಹರಿದಿದೆ. ಎರಡನೆಯದು ಮಕ್ಕಳ ಕಳ್ಳಸಾಗಣೆಯ ಕಥೆ. ಈ ಸರಣಿ ಪೂರ್ತಿ ದೊಡ್ಡವರಿಗೇ.

ಪ್ರಶ್ನೆ: ನೂರನೇ ಪುಟಕ್ಕೆ ಬರುವಷ್ಟರಲ್ಲಿ ಕೊಲೆಗಾರ ಯಾರೆಂದು ಗೊತ್ತಾಗಿಬಿಡುತ್ತದೆ. ಓದುವ ಉತ್ಸಾಹವೇ ಹೋಗಿದೆ. ಏನು ಮಾಡಲಿ?
— ಓದುಗರೊಬ್ಬರು, ಉಡುಪಿ

ಉತ್ತರ: ಕೊಲೆಗಾರ ಮೊದಲೇ ಗೊತ್ತಿರುವ ಕಾದಂಬರಿಗಳಿಗೆ ಬನ್ನಿ. ಆರ್. ಆಸ್ಟಿನ್ ಫ್ರೀಮನ್ 1912ರ ‘ದಿ ಸಿಂಗಿಂಗ್ ಬೋನ್’ನಲ್ಲಿ ಈ ತಿರುವುಮುರುವು ವಿಧಾನ ತಂದರು: ಮೊದಲರ್ಧದಲ್ಲಿ ಅಪರಾಧ ನಮ್ಮ ಕಣ್ಣೆದುರೇ ನಡೆಯುತ್ತದೆ, ಉಳಿದರ್ಧದಲ್ಲಿ ಡಾ. ಥಾರ್ನ್‌ಡೈಕ್ ಅದನ್ನು ಹೇಗೆ ಹಿಡಿಯುತ್ತಾನೆ ಎಂಬುದೇ ಕುತೂಹಲ. ಇದರ ಇವತ್ತಿನ ಮೇಲ್ಮಟ್ಟ ಜಪಾನಿನ ಕೀಗೊ ಹಿಗಾಶಿನೊ ಅವರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ (2005). ಯಾರು, ಯಾಕೆ, ಹೇಗೆ ಕೊಂದರೆಂದು ಆರಂಭದಲ್ಲೇ ಕಾಣುತ್ತೇವೆ. ಆದರೂ ಕೊನೆಯಲ್ಲಿ ಬೆಚ್ಚಿಬೀಳುತ್ತೇವೆ, ಏಕೆಂದರೆ ನಮಗೆ ತೋರಿಸಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಮುಗಿಸಿದ ತಕ್ಷಣ ಮೊದಲ ಅಧ್ಯಾಯಗಳನ್ನು ಇನ್ನೊಮ್ಮೆ ಓದಿ, ದಿನಾಂಕಗಳ ಮೇಲೆ ಕಣ್ಣಿಟ್ಟು. ಅದು ಸರಣಿಯ ಮೂರನೇ ಪುಸ್ತಕ, ಆದರೂ ನೇರ ಅದರಿಂದಲೇ ಶುರು ಮಾಡಬಹುದು.

ಪ್ರಶ್ನೆ: ಸೂ ಗ್ರಾಫ್ಟನ್ ಅವರ ಅಕ್ಷರಮಾಲೆ ಸರಣಿ ‘ವೈ’ವರೆಗೆ ಸಿಕ್ಕಿದೆ. ‘ಝಡ್’ ಎಲ್ಲಿ ಸಿಗುತ್ತದೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸಿಗುವುದಿಲ್ಲ. 1982ರಲ್ಲಿ ‘ಎ’ಯಿಂದ ಹೊರಟ ಸರಣಿ 2017ರಲ್ಲಿ ‘ವೈ’ ತಲುಪಿತು, ಅದೇ ಡಿಸೆಂಬರಿನಲ್ಲಿ ಲೇಖಕಿ ತೀರಿಕೊಂಡರು. ಬೇರೆಯವರಿಂದ ಬರೆಸುವುದಿಲ್ಲವೆಂದು ಮನೆಯವರು ಆಗಲೇ ಸ್ಪಷ್ಟಪಡಿಸಿದರು.

ಪ್ರಶ್ನೆ: ಒಂದು ಸರಣಿಯನ್ನಾದರೂ ಪೂರ್ತಿ ಓದಿ ಮುಗಿಸಬೇಕೆಂಬ ಆಸೆ. ಪ್ಯಾರಿಸ್ಸಿನ ಪೊಲೀಸ್ ಅಧಿಕಾರಿ ಮೆಗ್ರೆಯ 75 ಕಾದಂಬರಿ ನೋಡಿದರೆ ಭಯವಾಗುತ್ತದೆ. ಚಿಕ್ಕದು ಯಾವುದಿದೆ?
— ಓದುಗರೊಬ್ಬರು, ಹಾಸನ

ಉತ್ತರ: ಮೆಗ್ರೆಗೆ ಭಯಪಡಬೇಕಾಗಿಲ್ಲ. ಜಾರ್ಜ್ ಸಿಮನಾನ್ ಬರೆದದ್ದೆಲ್ಲ ತೆಳು ಪುಸ್ತಕ, ಯಾವುದರಿಂದ ಶುರು ಮಾಡಿದರೂ ನಡೆಯುತ್ತದೆ. ಪೂರ್ತಿ ಮುಗಿಸುವ ತೃಪ್ತಿಯೇ ಬೇಕೆಂದರೆ ಸ್ವೀಡನ್ನಿನ ಮಾರ್ಟಿನ್ ಬೆಕ್ ಸರಣಿ ಹಿಡಿಯಿರಿ. ಮಾಯ್ ಶೆವಾಲ್ ಮತ್ತು ಪೇರ್ ವಾಲ್ಯೂ ಜೋಡಿ ಹತ್ತೇ ಪುಸ್ತಕ ಎಂದು ಮೊದಲೇ ತೀರ್ಮಾನಿಸಿ 1965ರಿಂದ 1975ರವರೆಗೆ ಬರೆದು ಮುಗಿಸಿದರು. ಪ್ರತಿ ಪುಸ್ತಕಕ್ಕೂ 30 ಅಧ್ಯಾಯ. ಬೆಕ್‌ನ ಸಂಸಾರ, ಜಠರದ ನೋವು, ಬಡ್ತಿ, ಅವನ ಸಹೋದ್ಯೋಗಿಗಳು, ಅವನ ದೇಶ ಎಲ್ಲವೂ ಬದಲಾಗುತ್ತ ಹೋಗುವುದರಿಂದ ಕ್ರಮ ತಪ್ಪಬಾರದು.

ಮೊದಲ ಪುಸ್ತಕ ‘ರೋಸಾನ್ನಾ’ ನಿಧಾನ. ಕಾಲುವೆಯ ಹೂಳೆತ್ತುವಾಗ ಹೆಣ್ಣಿನ ಶವ ಸಿಗುತ್ತದೆ, ಅವಳು ಯಾರೆಂದು ತಿಳಿಯುವುದಕ್ಕೇ ಪೊಲೀಸರಿಗೆ ತಿಂಗಳುಗಳು ಹಿಡಿಯುತ್ತವೆ. ಏನೂ ನಡೆಯುತ್ತಿಲ್ಲ ಎನಿಸಿ ಅಲ್ಲೇ ಪುಸ್ತಕ ಕೆಳಗಿಡುವವರು ಬಹಳ. ಇಡಬೇಡಿ. ನಾಲ್ಕನೆಯ ‘ದಿ ಲಾಫಿಂಗ್ ಪೊಲೀಸ್‌ಮ್ಯಾನ್’ (1968) ತಲುಪುವ ಹೊತ್ತಿಗೆ ಆ ಠಾಣೆಯವರೆಲ್ಲ ನಿಮಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಿತರಾಗಿರುತ್ತಾರೆ. ಅಲ್ಲಿ ನಡೆಯುವ ಸಾವು ಮನಸ್ಸಿಗೆ ನಾಟುವುದು ಆ ಪರಿಚಯ ಇದ್ದರೆ ಮಾತ್ರ.